ವಾಸನೆ ಬರದ ಎಣ್ಣೆ ಇದೆಯಾ?

ಇಟಲಿ, ಸ್ಪೇನ್ ಸುತ್ತಿ ಬಂದ ನಮ್ಮ ಐಟಿ ಮಂದಿ ತಪ್ಪದೆ ಹೇಳುವ ಕಥೆ ಒಂದಿದೆ. ಹಳ್ಳಿಯಲ್ಲೊಂದು ಆಲಿವ್ ತೋಟ, ತಲೆಮಾರುಗಳಿಂದ ಎಣ್ಣೆ ತೆಗೆಯುವ ಕುಟುಂಬ, ಬ್ರೆಡ್ಡಿನ ಮೇಲೆ ಸುರಿದ ಹಸಿರು ಎಣ್ಣೆ, "ಆಹಾ, ಏನು ಘಮ!" ಚೆನ್ನಾಗೇ ಇರುತ್ತೆ, ನಾನೂ ತಿಂದಿದ್ದೀನಿ. ನನ್ನ ತಕರಾರು ನಮ್ಮ ಮೂಗಿನ ಮೇಲೆ. ಎಕ್ಸ್‌ಟ್ರಾ ವರ್ಜಿನ್ ಅಂದ್ರೆ ಕಾಯಿ ಅರೆದು, ಎಣ್ಣೆ ತೆಗೆದು, ರಿಫೈನ್ ಮಾಡದೆ ಬಾಟಲಿಗೆ ತುಂಬಿದ್ದು. ನಮ್ಮ ಗಾಣ ಮಾಡೋದೂ ಅದನ್ನೇ. ಅಲ್ಲಿ ಘಮ ಆಗಿದ್ದು ಇಲ್ಲಿ ವಾಸನೆ ಯಾಕಾಯ್ತು?

ಚಳ್ಳಕೆರೆಯಿಂದ ಮೊಳಕಾಲ್ಮುರು ಕಡೆ ಹೋಗುವಾಗ ಒಂದು ಗಾಣದ ಮನೆಗೆ ಹೋಗಿದ್ದೆ. ಅಪ್ಪ ಗಾಣ ನೋಡ್ಕೊಳ್ತಾರೆ, ಅಮ್ಮ ಬೀಜ ಹಸನು ಮಾಡ್ತಾರೆ, ಮಗ ಕ್ಯಾನ್ ತುಂಬ್ತಾನೆ. ಎತ್ತು ಇಲ್ಲ, ಮೋಟರ್ ಇದೆ. ರೀಲ್ಸ್ ಮಾಡೋರಿಗೆ ನಿರಾಸೆ ಆಗಬಹುದು. ಯಜಮಾನರು ನಗುತ್ತಾ ಹೇಳಿದರು: "ಬೆಂಗ್ಳೂರಿಂದ ಬಂದೋರು ಮೊದ್ಲು ಕೇಳೋದೇ, ವಾಸ್ನೆ ಬರ್ದೇ ಇರೋದು ಐತಾ ಅಂತ."

ಕುದಾಪುರದ ಐಐಎಸ್‌ಸಿ ಕ್ಯಾಂಪಸ್‌ನಿಂದಷ್ಟೇ ಚಳ್ಳಕೆರೆಯ ಹೆಸರು ಕೇಳಿದವರಿಗೆ ಗೊತ್ತಿರಲಿ: ಇದನ್ನು ಎಣ್ಣೆ ನಗರ, ಎರಡನೇ ಮುಂಬೈ ಅಂತಿದ್ರು. ಮಳೆ ನಂಬಿದ ಕೆಂಪು ನೆಲದ ಶೇಂಗಾ, ಸಾಲು ಸಾಲು ಮಿಲ್ಲು. 1994ರಲ್ಲಿ ಪಾಮೋಲಿನ್ ಆಮದು ಮುಕ್ತವಾಯ್ತು, ಸುಂಕ ಆಗ ಶೇ. 65, 1998ರ ಹೊತ್ತಿಗೆ ಶೇ. 15. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಮಳೆ ಕೈಕೊಟ್ಟಿದ್ದೂ ಕಾರಣ, ಹೌದು. ಆದರೆ ಸರ್ಕಾರ, ಮಳೆ ಎರಡನ್ನೂ ಬೈದು ಸುಮ್ಮನಾದರೆ ನಮ್ಮ ಪಾಲು ಮರೆತ ಹಾಗೆ.

ರಿಫೈನರಿಯಲ್ಲಿ ಎಣ್ಣೆಯನ್ನು 200 ಡಿಗ್ರಿ ದಾಟಿ ಕಾಯಿಸಿ, ಹಬೆ ಹಾಯಿಸಿ ವಾಸನೆ ತೆಗೀತಾರೆ. ಆಮೇಲೆ ಶೇಂಗಾ ಯಾವುದು, ಸೋಯಾ ಯಾವುದು, ತಾಳೆ ಯಾವುದು ಅಂತ ಮೂಗಿಗೆ ಗೊತ್ತಾಗಲ್ಲ. ನಮ್ಮಜ್ಜಿ ಅಂಗೈಗೆ ಒಂದು ತೊಟ್ಟು ಹಾಕ್ಕೊಂಡು, ಉಜ್ಜಿ, ಮೂಸಿ ಎಣ್ಣೆ ಕೊಳ್ತಿದ್ಲು. ಲ್ಯಾಬ್ ಇಲ್ಲದ ಗಿರಾಕಿಗೆ ಇದ್ದ ಟೆಸ್ಟ್ ಅದೊಂದೇ. 'ಲೈಟ್' ಅನ್ನೋ ಜಾಹೀರಾತಿಗೆ ಮರುಳಾಗಿ ಅದನ್ನೂ ಬಿಟ್ಟುಕೊಟ್ವಿ. ಊರು ಕೇರಿ ಗೊತ್ತಾಗದ ಎಣ್ಣೆಯೇ ಬೇಕು ಅಂದಮೇಲೆ ಕಂಪನಿಗಳು ಅಗ್ಗದ್ದನ್ನೇ ತರ್ತವೆ. ಮೊಳಕಾಲ್ಮುರು ಸೀರೆ ಕೊಳ್ಳುವಾಗ ಮಾತ್ರ ಒರಿಜಿನಲ್ಲಾ, ಜಿಐ ಟ್ಯಾಗ್ ಇದೆಯಾ, ನೇಯ್ದವರು ಯಾರು ಅಂತ ಹತ್ತು ಪ್ರಶ್ನೆ.

ದುಬಾರಿ ಅಂತೀರಾ? ಗಾಣದಲ್ಲಿ ಒಂದು ಲೀಟರ್ ಎಣ್ಣೆಗೆ ಹೆಚ್ಚುಕಡಿಮೆ ಎರಡೂವರೆ ಕೆಜಿ ಬೀಜ ಬೇಕು. ಇವತ್ತಿನ ಬೀಜದ ರೇಟನ್ನು ಎರಡೂವರೆಯಿಂದ ಗುಣಿಸಿ, ಹಿಂಡಿ ಮಾರಿದ ದುಡ್ಡು ಕಳೆಯಿರಿ, ಕೂಲಿ, ಕರೆಂಟು ಸೇರಿಸಿ. ತೀರಾ ಅಗ್ಗಕ್ಕೆ ಸಿಗುವ 'ಶೇಂಗಾ ಎಣ್ಣೆ'ಯಲ್ಲಿ ಶೇಂಗಾ ಎಷ್ಟಿದ್ದೀತು ಅಂತ ಆಗ ಯೋಚಿಸಿ. ಪಡಿತರದ ಚೀಲ ಹಿಡಿದು ಬದುಕುವವರಿಗೆ ಪಾಮೋಲಿನ್ ಎಣ್ಣೆಯ ರುಚಿ ಉಳಿಸಿದೆ, ಅವರಿಗೆ ನಾನಿದನ್ನು ಹೇಳ್ತಿಲ್ಲ. ಆಲಿವ್ ಬಾಟಲಿಗೆ ಚೌಕಾಸಿ ಮಾಡದೆ ಕಾರ್ಡ್ ಉಜ್ಜಿ, ಗಾಣದ ಮನೆಯಲ್ಲಿ "ಇಪ್ಪತ್ತು ರೂಪಾಯಿ ಬಿಟ್ಕೊಳ್ಳಿ" ಅನ್ನೋರಿಗೆ ಹೇಳ್ತಿದ್ದೀನಿ.

ಗಾಣದ್ದೆಲ್ಲ ಅಮೃತ ಅಂತಲೂ ನಂಬಬೇಡಿ. ಬೂಷ್ಟು ಹಿಡಿದ ಬೀಜ ಹಿಂಡಿದರೆ ಅಫ್ಲಾಟಾಕ್ಸಿನ್ ವಿಷ ಎಣ್ಣೆಗೂ ಬರುತ್ತೆ. ರಿಫೈನ್ ಮಾಡಿದರೆ ಹೋಗುತ್ತೆ, ಗಾಣದಲ್ಲಿ ಹೋಗಲ್ಲ. ಅದಕ್ಕೇ 'ಕೋಲ್ಡ್ ಪ್ರೆಸ್ಡ್' ಚೀಟಿ ನೋಡಿ ಮಾಲ್‌ನಲ್ಲಿ ಕೊಳ್ಳೋದಕ್ಕಿಂತ ಗಾಣಕ್ಕೇ ಹೋಗಿ. ಬೀಜದ ಚೀಲ ಬಿಚ್ಚಿಸಿ, ನಾಲ್ಕು ಕಾಳು ಬಾಯಿಗೆ ಹಾಕ್ಕೊಳ್ಳಿ. ಬೂಷ್ಟು ಕಂಡರೆ, ಕಹಿ ಬಂದರೆ ಉಗಿದು ಮುಂದಿನ ಗಾಣಕ್ಕೆ ನಡೀರಿ.