ಸಿದ್ಧನಾದವೂ ಸ್ವಂತ ದನಿಯೂ

ವೀಣೆಯನ್ನು ಕಲಿಯಹೊರಟವನು ಮೊದಲ ದಿನಗಳನ್ನೆಲ್ಲ ಸರಳೆ ವರಸೆ, ಜಂಟಿ ವರಸೆ, ಅಲಂಕಾರಗಳಲ್ಲಿ ಕಳೆಯುತ್ತಾನೆ. ಆಗ ಅವನ ಬೆರಳಿನಿಂದ ಹೊರಡುವ ನಾದವು ನೆರೆಹೊರೆಯವರಿಗೆ ಹಿತವಾಗಿರುವುದು ಅಪರೂಪ. ಆದರೆ ಅದು ಅವನದೇ ನಾದ. ಎಲೆಕ್ಟ್ರಾನಿಕ್ ಸಂಗೀತವನ್ನು ಕಲಿಯಹೊರಟ ಇಂದಿನ ತರುಣನ ಸ್ಥಿತಿ ಇದಕ್ಕೆ ನೇರ ವಿರುದ್ಧವಾದುದು. ಕಂಪ್ಯೂಟರಿನಲ್ಲಿ ಸಂಗೀತದ ತಂತ್ರಾಂಶವನ್ನು ತೆರೆದ ಮೊದಲ ಸಂಜೆಯೇ ಅವನು ತಾಳ ತಪ್ಪದ, ಶ್ರುತಿ ಕೆಡದ ಒಂದು ತುಣುಕನ್ನು ಹೊರಡಿಸಬಲ್ಲನು. ಯಾರೋ ಬಾರಿಸಿಟ್ಟ ತಾಳವಾದ್ಯದ ಆವರ್ತಗಳು ‘ಲೂಪ್’ಗಳ ರೂಪದಲ್ಲಿ ಸಾಲುಗಟ್ಟಿ ನಿಂತಿವೆ, ಯಾರೋ ಹದಗೊಳಿಸಿದ ಧ್ವನಿಗಳು ‘ಪ್ರಿಸೆಟ್’ಗಳೆಂಬ ಹೆಸರಿನಲ್ಲಿ ಕರೆದೊಡನೆ ಓಗೊಡುತ್ತವೆ. ಗೆಳೆಯರು ಕೇಳಿ ತಲೆದೂಗುತ್ತಾರೆ. ಆದರೆ ಕೆಲವು ತಿಂಗಳು ಕಳೆಯುವಷ್ಟರಲ್ಲಿ ಅವನ ಮನಸ್ಸಿನಲ್ಲಿ ಒಂದು ಶಂಕೆ ತಲೆಯೆತ್ತುತ್ತದೆ: ಇದರಲ್ಲಿ ನನ್ನದು ಯಾವುದು? ವೀಣೆಯವನಿಗೆ ತನ್ನತನವಿದೆ, ಇಂಪಿಲ್ಲ. ಇವನಿಗೆ ಇಂಪಿದೆ, ತನ್ನತನವಿಲ್ಲ.

ಈ ಶಂಕೆ ಆರೋಗ್ಯದ ಲಕ್ಷಣ. ಆದರೆ ಇದಕ್ಕೆ ಸಾಮಾನ್ಯವಾಗಿ ದೊರೆಯುವ ಎರಡು ಉತ್ತರಗಳೂ ಸಮರ್ಪಕವಲ್ಲ. ಜಗತ್ತಿನಲ್ಲಿ ಎಲ್ಲವೂ ಎರವಲೇ, ಚಿಂತಿಸಬೇಡ ಎನ್ನುವುದು ಒಂದು. ಪರರ ಕೃತಿಯನ್ನು ಕೇಳಲೇಬೇಡ, ಸಿದ್ಧಧ್ವನಿಯನ್ನು ಮುಟ್ಟಲೇಬೇಡ ಎನ್ನುವುದು ಇನ್ನೊಂದು. ಮೊದಲನೆಯದು ಸೋಮಾರಿತನಕ್ಕೆ ತತ್ತ್ವದ ಹೊದಿಕೆ ಹೊದಿಸುತ್ತದೆ. ಎರಡನೆಯದು ಎಳೆಯ ಸಸಿಯನ್ನು ಮಣ್ಣಿನಿಂದಲೇ ಕೀಳುತ್ತದೆ.

ಪ್ರಶ್ನೆಯು ಯಂತ್ರದೊಡನೆ ಹುಟ್ಟಿದುದಲ್ಲ. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು ‘ಧ್ವನ್ಯಾಲೋಕ’ದ ಕೊನೆಯ ಉದ್ದ್ಯೋತದಲ್ಲಿ ಇದನ್ನೇ ಕಾವ್ಯದ ವಿಷಯದಲ್ಲಿ ವಿಚಾರಿಸಿದ್ದಾನೆ. ಒಂದು ಕೃತಿಯು ಇನ್ನೊಂದನ್ನು ಹೋಲುವ ಬಗೆ ಅವನ ಮತದಲ್ಲಿ ಮೂರು: ಕನ್ನಡಿಯ ಬಿಂಬದಂತೆ, ಚಿತ್ರದಂತೆ, ಸದೃಶರಾದ ಇಬ್ಬರು ವ್ಯಕ್ತಿಗಳಂತೆ. ಬಿಂಬಕ್ಕೆ ಸ್ವಂತ ಜೀವವೇ ಇಲ್ಲ. ಚಿತ್ರಕ್ಕಿರುವ ಜೀವ ತೀರ ಕ್ಷೀಣ. ಆದುದರಿಂದ ಇವೆರಡೂ ತ್ಯಾಜ್ಯ. ಆದರೆ ಇಬ್ಬರು ಮನುಷ್ಯರ ಮುಖ ಹೋಲುತ್ತದೆಂಬ ಕಾರಣಕ್ಕೆ ಅವರಲ್ಲಿ ಒಬ್ಬನನ್ನು ನಕಲೆಂದು ಯಾರೂ ಕರೆಯುವುದಿಲ್ಲ. ಇಬ್ಬರಿಗೂ ಬೇರೆ ಬೇರೆ ಪ್ರಾಣವಿದೆ. ಈ ವಿವೇಚನೆಯನ್ನು ನಮ್ಮ ತರುಣನ ಕಂಪ್ಯೂಟರಿನ ಮುಂದೆ ಇರಿಸಿ ನೋಡಬಹುದು. ಕೊಂಡು ತಂದ ಲೂಪನ್ನು ಹಾಗೆಯೇ ಜೋಡಿಸುವುದು ಬಿಂಬ. ಅದರ ವೇಗವನ್ನೋ ಶ್ರುತಿಯನ್ನೋ ತುಸು ತಿರುಚಿ ಬಣ್ಣ ಬಳಿಯುವುದು ಚಿತ್ರ. ಅದರ ಅಂಗರಚನೆಯನ್ನು ಅರಿತು, ಅಂಥದೇ ಅಂಗಗಳಲ್ಲಿ ಬೇರೊಂದು ಪ್ರಾಣವನ್ನು ನಿಲ್ಲಿಸುವುದು ಮೂರನೆಯದು. ಸ್ವಂತಿಕೆಯೆಂಬುದು ಎಲ್ಲರಿಂದಲೂ ಬೇರೆಯಾದ ಮುಖವಲ್ಲ. ತನ್ನದೇ ಆದ ಉಸಿರು.

ನಮ್ಮ ದೇಶದ್ದೇ ಒಂದು ನಿದರ್ಶನವಿದೆ. ಮುಂಬಯಿಯ ಹಿಂದಿ ಚಿತ್ರಗಳ ವಾದ್ಯವೃಂದಗಳಲ್ಲಿ ದುಡಿದಿದ್ದ ಚರಣಜಿತ್ ಸಿಂಗ್ 1982ರಲ್ಲಿ ಭೈರವ, ಲಲಿತ, ತೋಡಿ, ಯಮನ್ ಮೊದಲಾದ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಹೊಂದಿಸಿ ಒಂದು ಧ್ವನಿಮುದ್ರಿಕೆಯನ್ನು ಹೊರತಂದರು. ಅವರ ಬಳಿ ಇದ್ದುದು ರೋಲ್ಯಾಂಡ್ ಸಂಸ್ಥೆಯ ಮೂರು ಉಪಕರಣಗಳು: ಜ್ಯೂಪಿಟರ್-8 ಎಂಬ ಸಿಂಥಸೈಜರ್, ಟಿಆರ್-808 ಎಂಬ ತಾಳಯಂತ್ರ, ಟಿಬಿ-303 ಎಂಬ ಮಂದ್ರನಾದದ ಯಂತ್ರ. ರಾಗ ಅವರದಲ್ಲ, ಡಿಸ್ಕೋ ಅವರದಲ್ಲ, ಯಂತ್ರ ಜಪಾನಿನದು. ಎಲ್ಲವೂ ಎರವಲು, ಕೂಡಿಕೆ ಮಾತ್ರ ಸ್ವಂತ. ಟಿಬಿ-303ರಲ್ಲಿ ಒಂದು ಸ್ವರದಿಂದ ಮತ್ತೊಂದಕ್ಕೆ ಜಾರುವ ಸೌಲಭ್ಯವಿತ್ತು. ರಾಗದ ನಡೆಯನ್ನು ಬಲ್ಲ ಕಿವಿಗೆ ಆ ಜಾರು ಏನೆಂದು ತಿಳಿಯಿತು. ಅಂದು ಆ ಮುದ್ರಿಕೆಯನ್ನು ಲಕ್ಷಿಸಿದವರು ವಿರಳ. 2010ರಲ್ಲಿ ಅದು ಮರುಪ್ರಕಟವಾದಾಗ ಪಶ್ಚಿಮದ ರಸಿಕರು ಬೆರಗಾದರು. ಏಕೆಂದರೆ 1987ರಲ್ಲಿ ಶಿಕಾಗೋ ನಗರದ ‘ಫ್ಯೂಚರ್’ ಎಂಬ ತಂಡವು ಅದೇ ಟಿಬಿ-303ರಿಂದ ಹೊರಡಿಸಿ ‘ಆ್ಯಸಿಡ್ ಹೌಸ್’ ಎಂದು ಹೆಸರಾದ ಸಂಗೀತವನ್ನು ಅದು ಐದು ವರ್ಷ ಮುಂಚಿತವಾಗಿಯೇ ಹೋಲುತ್ತಿತ್ತು.

ಆ ಯಂತ್ರದ ಕಥೆಯೂ ಬೋಧಪ್ರದವಾದುದೇ. ಗಿಟಾರ್ ವಾದಕರಿಗೆ ಪಕ್ಕವಾದ್ಯವಾಗಲೆಂದು ಅದನ್ನು ನಿರ್ಮಿಸಿದ್ದರು. ಆ ಕೆಲಸದಲ್ಲಿ ಅದು ಸೋತಿತು. 1984ರಲ್ಲಿ ತಯಾರಿಕೆ ನಿಂತಿತು. ಅಗ್ಗಕ್ಕೆ ಕೈಬದಲಾದ ಯಂತ್ರವನ್ನು ಶಿಕಾಗೋದ ತರುಣರು ತಂದು, ನಾದ ನಡೆಯುತ್ತಿರುವಾಗಲೇ ಅದರ ಗುಂಡಿಗಳನ್ನು ತಿರುವುತ್ತ ಕಿವಿಗೊಟ್ಟರು. ಕೈಪಿಡಿ ಹೇಳದಿದ್ದುದನ್ನು ಕಿವಿ ಹೇಳಿತು.

ಹಾಗಾದರೆ ಅಭ್ಯಾಸಿಯು ಮಾಡಬೇಕಾದುದೇನು? ಮೊದಲನೆಯದಾಗಿ, ಅವನು ಅನುಕರಣಕ್ಕೆ ಅಂಜಬಾರದು. ಆದರೆ ಅದನ್ನು ಅರೆಮನಸ್ಸಿನಿಂದ ಮಾಡಬಾರದು. ಮೆಚ್ಚಿದ ಒಂದು ಕೃತಿಯನ್ನು ಆಯ್ದು, ಸಿದ್ಧಧ್ವನಿಯೊಂದನ್ನೂ ಮುಟ್ಟದೆ, ಕಿವಿಯೊಂದನ್ನೇ ನೆಚ್ಚಿ ಆದ್ಯಂತವಾಗಿ ಮರಳಿ ಕಟ್ಟಲಿ. ಅಲೆಯನ್ನು ಹುಟ್ಟಿಸುವ ಆಸಿಲೇಟರ್ ಯಾವುದು, ಅದರ ಅಂಚನ್ನು ಸವರುವ ಫಿಲ್ಟರ್ ಎಷ್ಟು ತೆರೆದಿದೆ, ನಾದವು ಎಷ್ಟು ಬೇಗ ಏರಿ ಹೇಗೆ ಇಳಿಯುತ್ತದೆ ಎಂಬುದು ಆಗ ಅವನಿಗೆ ತಿಳಿಯುತ್ತದೆ. ಇದೇ ಈ ವಿದ್ಯೆಯ ಸರಳೆ ವರಸೆ. ಎಷ್ಟು ಯತ್ನಿಸಿದರೂ ಪ್ರತಿಯು ಮೂಲದಂತಾಗುವುದಿಲ್ಲ; ತಪ್ಪಿದ ಆ ಎಡೆಗಳಲ್ಲಿ ಕೆಲವು ದೋಷಗಳಾಗಿರುತ್ತವೆ, ಕೆಲವು ಅವನ ಸ್ವಭಾವವಾಗಿರುತ್ತವೆ. ಎರಡನ್ನೂ ಬೇರ್ಪಡಿಸಿ ನೋಡುವುದರಲ್ಲಿಯೇ ಸ್ವಂತಿಕೆಯ ಆರಂಭ.

ಎರಡನೆಯದಾಗಿ, ಯಂತ್ರವು ಮೌನವಾಗಿ ತೆಗೆದುಕೊಳ್ಳುವ ನಿರ್ಧಾರಗಳನ್ನು ಅವನು ಗುರುತಿಸಬೇಕು. ಅನೇಕ ತಂತ್ರಾಂಶಗಳು ತೆರೆದೊಡನೆ ನಾಲ್ಕು ಎಣಿಕೆಯ ತಾಳವನ್ನೂ ನಿಮಿಷಕ್ಕೆ 120 ಬಡಿತಗಳ ವೇಗವನ್ನೂ ಮುಂದಿಡುತ್ತವೆ. ಸ್ಥಾಯಿಯನ್ನು 12 ಸಮಭಾಗಗಳಾಗಿ ಕತ್ತರಿಸಿಡುತ್ತವೆ. ಕೇಳದೆಯೇ ಒಪ್ಪಿಕೊಂಡವರೆಲ್ಲರ ಸಂಗೀತವೂ ಒಂದೇ ಅಚ್ಚಿನದಾದರೆ ಅಚ್ಚರಿಯೇನು? ತೋಡಿಯ ಗಾಂಧಾರದ ಕಂಪಿತವು ಆ ಹನ್ನೆರಡು ಮನೆಗಳಲ್ಲಿ ಯಾವುದರಲ್ಲಿಯೂ ಸ್ಥಿರವಾಗಿ ಕೂರದು; ಏಳು ಎಣಿಕೆಯ ಮಿಶ್ರಚಾಪಿನ ನಡೆ ಆ ಚೌಕದಲ್ಲಿ ತಾನಾಗಿ ಮೂಡದು. ಅವುಗಳನ್ನು ಯಂತ್ರದಿಂದ ನುಡಿಸಲು ಸಾಧ್ಯವಿದೆ. ನುಡಿಸಬೇಕೆಂಬ ಕಿವಿ ಇರಬೇಕಷ್ಟೆ. ಆದರೆ ಡಿಸ್ಕೋ ತಾಳದ ಮೇಲೆ ತಂಬೂರಿಯ ನಾದವನ್ನು ಎರಚಿದ ಮಾತ್ರಕ್ಕೆ ಕೃತಿಯು ನಮ್ಮದಾಗಿಬಿಡುವುದಿಲ್ಲ. ಅದು ಬೊಂಬೆಗೆ ಉಡಿಸಿದ ಸೀರೆ.

ಈ ವಿಚಾರಕ್ಕೆ ಇಂದು ಹಿಂದೆಂದೂ ಇಲ್ಲದ ತೀವ್ರತೆ ಬಂದಿದೆ. ಬೇಕಾದುದನ್ನು ಒಂದು ವಾಕ್ಯದಲ್ಲಿ ಬರೆದರೆ ಇಡಿಯ ಹಾಡನ್ನೇ ಕಟ್ಟಿಕೊಡುವ ಕೃತಕ ಬುದ್ಧಿಯ ಯಂತ್ರಗಳು ಬಂದಿವೆ. ಇವುಗಳಿಂದ ಸಂಗೀತಕ್ಕೆ ಬರಗಾಲ ಬಂದೀತೆಂಬ ಭಯ ನಮಗಿಲ್ಲ. ಸಂಗೀತ ಹೊಳೆಯಾಗಿ ಹರಿಯುತ್ತದೆ. ಬರಗಾಲ ಬರುವುದು ಕಿವಿಗೆ. ಒಂದು ನಾದವನ್ನು ತನ್ನದನ್ನಾಗಿ ಮಾಡಿಕೊಳ್ಳಲು ನೂರು ಸಲ ಕೇಳಿ, ನೂರು ಸಲ ತಿದ್ದುವ ಶ್ರಮವೇ ಕಿವಿಯನ್ನು ಕಡೆಯುವ ಉಳಿ. ಆ ಶ್ರಮವನ್ನು ತಪ್ಪಿಸಿದ ಉಪಕರಣವು ಹಾಡನ್ನು ಕೊಟ್ಟು ಹಾಡುಗಾರನನ್ನು ಕಿತ್ತುಕೊಳ್ಳುತ್ತದೆ.

ಆದುದರಿಂದ ಹಿರಿಯರಲ್ಲಿ ನಮ್ಮದೊಂದು ವಿನಂತಿ. ಮನೆಯ ಹುಡುಗನೋ ಹುಡುಗಿಯೋ ಹೆಡ್‌ಫೋನ್ ಧರಿಸಿ ಗಂಟೆಗಟ್ಟಲೆ ಒಂದೇ ನಾದವನ್ನು ತಿರುತಿರುಗಿ ಕೇಳುತ್ತ ಕುಳಿತಿದ್ದರೆ, ಅದನ್ನು ಕಾಲಹರಣವೆಂದು ಜರೆಯಬೇಡಿ, ಅದು ಸಾಧಕವಾಗಿರಬಹುದು. ತರುಣರಲ್ಲಿಯೂ ಒಂದು ಮಾತು: ಇನ್ನೊಂದು ಹೊಸ ಉಪಕರಣವನ್ನು ಕೊಳ್ಳುವ ಮುನ್ನ ಇರುವ ಒಂದನ್ನು ಅದರ ತಳದವರೆಗೆ ಅರಿಯಿರಿ, ಹತ್ತು ತುಣುಕುಗಳನ್ನು ಆರಂಭಿಸುವ ಬದಲು ಒಂದನ್ನು ಮುಗಿಸಿರಿ. ಸ್ವಂತಿಕೆಯನ್ನು ಹುಡುಕುತ್ತ ಹೊರಟವನಿಗೆ ಅದು ಸಿಕ್ಕುವುದು ಅಪರೂಪ. ನಾದವನ್ನು ಹುಡುಕುತ್ತ ಹೊರಟವನ ಬೆನ್ನ ಹಿಂದೆ ಅದು ತಾನಾಗಿಯೇ ಬಂದು ನಿಲ್ಲುತ್ತದೆ.