ತಾರೀಖು ಕೇಳದ ಗಿರಾಕಿ

ಜೋಳ ಕೊಳ್ಳುವವನು ಚೀಲಕ್ಕೆ ಕೈ ಹಾಕಿ ಹಿಡಿ ತುಂಬ ತೆಗೆಯುತ್ತಾನೆ. ನಾಲ್ಕು ಕಾಳು ಬಾಯಿಗೆ ಹಾಕಿ ಕಟ್ಟನೆ ಕಡಿಯುತ್ತಾನೆ. ಹಸಿ ಇದ್ದರೆ ಅಲ್ಲೇ ಉಗಿದು ಮುಂದಿನ ಅಂಗಡಿಗೆ ನಡೆಯುತ್ತಾನೆ. ಇಂಡಿಯ ಪೇಟೆಯಲ್ಲಿ ಲಿಂಬೆಹಣ್ಣು ಕೊಳ್ಳುವವನು ಹೆಬ್ಬೆರಳಿನಿಂದ ಒಮ್ಮೆ ಒತ್ತಿದರೆ ಸಾಕು, ರಸ ಎಷ್ಟಿದೆ ಎಂದು ಹೇಳಿಬಿಡುತ್ತಾನೆ. ಎತ್ತಿನ ಸಂತೆಯಲ್ಲಂತೂ ಹಲ್ಲು ನೋಡದೆ ಯಾರೂ ಹಗ್ಗಕ್ಕೆ ಕೈ ಹಚ್ಚುವುದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ತಾಲೂಕುಗಳ ಗಿರಾಕಿ ಬಲು ಹುಷಾರಿ ಎಂದು ಹೊರಗಿನ ವ್ಯಾಪಾರಸ್ಥರೂ ಒಪ್ಪುತ್ತಾರೆ.

ಆದರೆ ಇದೇ ಹುಷಾರಿ ಮನುಷ್ಯ ಸಂಜೆಯಾದ ಮೇಲೆ ಬಾಟಲಿ ಕೊಳ್ಳಲು ಹೋದಾಗ ಮಾತ್ರ ಕುರುಡನಾಗುತ್ತಾನೆ. ಯಾವಾಗ ತಯಾರಾದದ್ದು ಎಂದು ಕೇಳುವುದಿಲ್ಲ. ಬಿಸಿಲಲ್ಲಿ ಬಿದ್ದಿತ್ತೋ ನೆರಳಲ್ಲಿತ್ತೋ ಕೇಳುವುದಿಲ್ಲ. ಬಿಲ್ಲು ಬೇಡ, ಚಿಲ್ಲರೆಯೂ ಬೇಡ. ಕಾಗದದಲ್ಲಿ ಸುತ್ತಿಸಿಕೊಂಡು ತಲೆ ತಗ್ಗಿಸಿ ಹೊರಟುಬಿಡುತ್ತಾನೆ. ಹೀಗೇಕೆ?

ಸಿಂದಗಿ ತಾಲೂಕಿನ ಕಿರಾಣಿ ವ್ಯಾಪಾರಸ್ಥರೊಬ್ಬರಿಗೆ ಈ ಪ್ರಶ್ನೆ ತಲೆಗೆ ಬಂದದ್ದು ಬೆಂಗಳೂರಿನಲ್ಲಿ. ಅಕ್ಕನ ಮಗ ಅಲ್ಲಿ ಕಂಪನಿ ನೌಕರ. ಮಾವ ಊರಿಗೆ ಬಂದರೆಂದು ಪ್ರೀತಿಯಿಂದ ಒಂದು ಬ್ರೂಪಬ್ಬಿಗೆ ಕರೆದುಕೊಂಡು ಹೋದ. ಬ್ರೂಪಬ್ ಎಂದರೆ ಬೀರನ್ನು ಅಲ್ಲಿಯೇ ತಯಾರಿಸಿ, ಅಲ್ಲಿಯೇ ಮೇಜಿನ ಮೇಲೆ ಕೊಡುವ ಅಂಗಡಿ. ಬೆಂಗಳೂರಿಗೆ ಬೀರೇನೂ ಹೊಸದಲ್ಲ. ಥಾಮಸ್ ಲೀಶ್ಮನ್ ಎಂಬ ಸ್ಕಾಟ್ಲೆಂಡಿನವ ದಕ್ಷಿಣದ ಹಲವು ಭಟ್ಟಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ್ದು 1915ರಲ್ಲಿ. ಆದರೆ ಅಲ್ಲೇ ಮಾಡಿ ಅಲ್ಲೇ ಬಡಿಸುವ ಪದ್ಧತಿ ಬಂದದ್ದು 2010-11ರ ಹೊತ್ತಿಗೆ, ಇಂದಿರಾನಗರದ ಟಾಯ್ಟ್, ಲ್ಯಾವೆಲ್ ರಸ್ತೆಯ ಬಿಯೇರ್ ಕ್ಲಬ್ ಮುಂತಾದವುಗಳಿಂದ. ಆಮೇಲೆ ಇಂಥವು ಸಾಲುಸಾಲಾಗಿ ಎದ್ದವು.

ಮೇಜಿಗೆ ಬಂದದ್ದು ಜರ್ಮನ್ ಶೈಲಿಯ ಪಿಲ್ಸನರ್.

"ಏನೋ ಅಳಿಯಾ ಇದು, ನೀರು ಕಂಡಂಗ ಕಾಣತೈತಿ" ಎಂದರು ಮಾವ.

"ಮಾಮಾ, ಮದಲ ವಾಸನಿ ತಗೋರಿ. ಆಮ್ಯಾಲ ಸಣ್ಣ ಗುಟುಕು. ಒಮ್ಮೆಲೆ ಎತ್ತಬ್ಯಾಡ್ರಿ" ಎಂದ ಅಳಿಯ.

ರೊಟ್ಟಿಯ ವಾಸನೆ

ಗ್ಲಾಸಿನ ಆಚೆಯ ಮನುಷ್ಯನ ಮುಖ ಕಾಣುವಷ್ಟು ತಿಳಿ. ಬಣ್ಣ ಹೊಸ ಜೋಳದ ಕಣಿಕೆ ಒಣಗಿದಾಗಿನ ಹೊನ್ನುಬಣ್ಣ. ಮೇಲೆ ಎರಡು ಬೆರಳು ಬಿಳಿ ನೊರೆ. ಆ ನೊರೆ ಸೋಡಾದ ನೊರೆಯಂತೆ ಬುಸ್ಸೆಂದು ಸಾಯಲಿಲ್ಲ, ಕಡೆತನಕ ಗ್ಲಾಸಿನ ಗೋಡೆಗೆ ಹತ್ತಿಕೊಂಡೇ ಇತ್ತು. ಮೂಗಿಗೆ ಹಿಡಿದರೆ ಹಂಚಿನಿಂದ ಈಗ ತಾನೇ ಇಳಿದ ರೊಟ್ಟಿಯ ವಾಸನೆ, ಅದರ ಹಿಂದೆ ಕಣದ ಒಣಹುಲ್ಲಿನ ವಾಸನೆ. ಮೊದಲ ಗುಟುಕಿಗೆ ನಾಲಿಗೆಯ ಮೇಲೆ ತುಸು ಸಿಹಿ ಬಂದಂತಾಗಿ, ತಕ್ಷಣ ಕಹಿ. ಯುಗಾದಿಯ ಬೇವಿನ ಕಹಿಯಷ್ಟು ಒರಟಲ್ಲ, ಮೆಂತ್ಯಕಾಳಿನ ಕಹಿಯಂತೆ ನಿಧಾನವಾಗಿ ಗಂಟಲಲ್ಲಿ ನಿಲ್ಲುವಂಥದ್ದು. ನುಂಗಿದ ಮೇಲೆ ಬಾಯಿ ಒಣಗಿ ಸ್ವಚ್ಛವಾಯಿತು. ಎಣ್ಣೆ ಮೆಣಸಿನಕಾಯಿ ಬಜಿಗೆ ಇದು ಜೋಡಿ ಎಂದು ಮಾವನಿಗೆ ಅನಿಸಿತು.

ಆದರೂ ಅವರು ತಕರಾರು ಬಿಡಲಿಲ್ಲ. "ಕಿಕ್ಕೇ ಇಲ್ಲಲ್ಲೋ ಇದರಾಗ! ಈ ರೊಕ್ಕದಾಗ ನಮ್ಮಲ್ಲಿ ಎರಡು ಸ್ಟ್ರಾಂಗ್ ಬರತಾವ." ಮಾತು ಸುಳ್ಳಲ್ಲ. ಪಿಲ್ಸನರಿನಲ್ಲಿ ಮದ್ಯಸಾರ ಶೇಕಡಾ 5ರ ಆಸುಪಾಸು. ನಮ್ಮಲ್ಲಿ ಹೆಚ್ಚು ಖರ್ಚಾಗುವ ಸ್ಟ್ರಾಂಗ್ ಬೀರಿನಲ್ಲಿ ಅದು ಶೇಕಡಾ 8ರವರೆಗೂ ಇರುತ್ತದೆ. ಬೆಲೆಯಂತೂ ಬಡವರ ಮಾತಲ್ಲ. ಒಂದು ಗ್ಲಾಸಿನ ದುಡ್ಡಿನಲ್ಲಿ ಸಂಸಾರಸ್ಥನ ಮನೆಗೆ ಎರಡು ದಿನದ ಕಾಯಿಪಲ್ಲೆ ಬರುತ್ತದೆ.

ಅಷ್ಟರಲ್ಲಿ ಬೀರು ತಯಾರಿಸುವ ಹುಡುಗನೇ ಹೊರಗೆ ಬಂದು "ಹೇಗಿದೆ ಸಾರ್?" ಎಂದು ಕೇಳಿದ. ಗಾಜಿನ ಗೋಡೆಯ ಹಿಂದಿನ ಉಕ್ಕಿನ ಹಂಡೆಗಳನ್ನು ತೋರಿಸಿದ. ಯಾವ ಹಂಡೆ ಯಾವ ತಾರೀಖಿಗೆ ತುಂಬಿದ್ದು ಎಂದು ಫಲಕದ ಮೇಲೆ ಬರೆದಿತ್ತು. ಜವೆಗೋಧಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ನುಚ್ಚು ಮಾಡಿ ಬಿಸಿನೀರಿನಲ್ಲಿ ನೆನೆಯಿಟ್ಟು ಸೋಸುತ್ತಾರೆ. ಆ ರಸವನ್ನು ಹಾಪ್ಸ್ ಎಂಬ ಬಳ್ಳಿಯ ಕಹಿ ಹೂವು ಹಾಕಿ ಕುದಿಸುತ್ತಾರೆ. ಆಮೇಲೆ ಈಸ್ಟ್ ಹಾಕಿ 10 ಡಿಗ್ರಿ ಆಸುಪಾಸಿನ ತಂಪಿನಲ್ಲಿ ಹುದುಗಲು ಬಿಟ್ಟು, ಮತ್ತೆ ವಾರಗಟ್ಟಲೆ ಇನ್ನೂ ತಣ್ಣಗೆ ಇಡುತ್ತಾರೆ. ಬೇರೆ ಬೀರು ಎರಡು ವಾರದಲ್ಲಿ ಮುಗಿದರೆ ಇದಕ್ಕೆ ತಿಂಗಳು, ಒಂದೂವರೆ ತಿಂಗಳು ಬೇಕು. ಆತುರ ಮಾಡಿದರೆ ನಾಲಿಗೆಗೆ ಗೊತ್ತಾಗಿಬಿಡುತ್ತದೆ, ಮುಚ್ಚಲು ಮಸಾಲೆಯಿಲ್ಲ, ಹಣ್ಣಿನ ವಾಸನೆಯಿಲ್ಲ.

ನೀರಿನ ಮಾತು ಬಂದಾಗ ಮಾವನ ಕಿವಿ ನೆಟ್ಟಗಾಯಿತು. ಪಿಲ್ಸನರಿಗೆ ಸಿಹಿನೀರೇ ಬೇಕು. ಸವುಳ ನೀರಾದರೆ ಕಹಿ ಒರಟಾಗಿ ನಾಲಿಗೆ ಕೆರೆಯುತ್ತದೆ. ಡೋಣಿ ಹೊಳೆಯ ದಂಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸವುಳ ನೀರಿನಲ್ಲಿ ತೊಗರಿಬೇಳೆಯೇ ಬೇಯುವುದಿಲ್ಲ, ಬೀರೇನು ಬೆಂದೀತು?

ಬೀದಿಗೆ ಸುರಿದ 36 ಪೀಪಾಯಿ

ಈ ಪಿಲ್ಸನರ್ ಹುಟ್ಟಿದ ಕಥೆ ಇನ್ನೂ ಸೊಗಸು. ಈಗಿನ ಚೆಕ್ ದೇಶದಲ್ಲಿ ಪಿಲ್ಸೆನ್ ಎಂದು ಒಂದು ಊರು. ಅಲ್ಲಿ ಬೀರು ಪದೇಪದೇ ಕೆಟ್ಟು ಹೋಗುತ್ತಿತ್ತು. ಜನ ಗೊಣಗಿದರು, ಸಹಿಸಿದರು. ಕೊನೆಗೆ 1838ರಲ್ಲಿ 36 ಪೀಪಾಯಿ ಬೀರನ್ನು ಪುರಸಭೆಯ ಕಟ್ಟಡದ ಮುಂದೆ, ನಡುಬೀದಿಯಲ್ಲಿ, ಎಲ್ಲರ ಕಣ್ಣೆದುರಿಗೆ ಸುರಿದುಬಿಟ್ಟರು. ಮರುವರ್ಷ ಊರವರೇ ಕೂಡಿ ತಮ್ಮದೇ ಭಟ್ಟಿ ಕಟ್ಟುವ ನಿರ್ಧಾರ ಮಾಡಿದರು. ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬ ತಯಾರಕನನ್ನು ಕರೆಸಿದರು. ಆತ 1842ರ ಅಕ್ಟೋಬರ್ 5ರಂದು ಇಳಿಸಿದ ಮೊದಲ ಹಂಡೆಯೇ ಇವತ್ತು ಜಗತ್ತೆಲ್ಲ ಕುಡಿಯುವ ತಿಳಿ ಹೊನ್ನುಬಣ್ಣದ ಬೀರಿಗೆ ಮೂಲ. ನಮ್ಮ ಕಡೆ ಬಾಟಲಿಯಲ್ಲಿ ಬರುವುದೂ ಅದರ ದೂರದ ಸಂಬಂಧಿಯೇ.

ಜರ್ಮನರು ಇದನ್ನು ತಮ್ಮಲ್ಲಿಗೆ ಒಯ್ದು ತುಸು ತೆಳುವಾಗಿ, ಕಹಿ ಚುರುಕಾಗಿ ಮಾಡಿಕೊಂಡರು. ಅವರಿಗೆ ಮೊದಲೇ ಒಂದು ಕಟ್ಟಳೆ ಇತ್ತು. ಬವೇರಿಯಾದ ದೊರೆ 1516ರಲ್ಲಿ ಹೊರಡಿಸಿದ್ದು. ಬೀರಿಗೆ ಜವೆಗೋಧಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಕೂಡದು ಎಂಬುದು ಎಲ್ಲರೂ ಹೇಳುವ ಮಾತು. ವ್ಯಾಪಾರಸ್ಥರು ನೆನಪಿಡಬೇಕಾದ್ದು ಇನ್ನೊಂದಿದೆ. ಅದೇ ಕಟ್ಟಳೆ ಯಾವ ಕಾಲದಲ್ಲಿ ಎಷ್ಟು ಬೆಲೆಗೆ ಮಾರಬೇಕೆಂದೂ ಗೊತ್ತು ಮಾಡಿತ್ತು. ತಪ್ಪಿದವನ ಪೀಪಾಯಿ ಜಪ್ತಿ. ಅಂದರೆ ಎಂಆರ್‌ಪಿ ಎಂಬುದು ಐನೂರು ವರ್ಷದ ಹಿಂದಿನ ಸಂಗತಿ!

ನಾಲಿಗೆಗೆ ಗೊತ್ತಾದ ರುಚಿಯ ಹಿಂದೆ ಇದ್ದದ್ದು ಇಷ್ಟೇ. ಒಂದು ಕಡೆ ಕಟ್ಟುನಿಟ್ಟಿನ ಕಟ್ಟಳೆ, ಇನ್ನೊಂದು ಕಡೆ ಕೆಟ್ಟದ್ದನ್ನು ಒಲ್ಲೆ ಎಂದ ಗಿರಾಕಿ. ಎರಡರಲ್ಲಿ ಒಂದು ಇಲ್ಲದಿದ್ದರೂ ಆ ಗ್ಲಾಸು ತುಂಬುತ್ತಿರಲಿಲ್ಲ.

ಬಸ್‌ಸ್ಟ್ಯಾಂಡಿನ ಹತ್ತಿರ

ಮಾವ ರಾತ್ರಿ ಬಸ್ಸು ಹತ್ತಿ ಊರಿಗೆ ಬಂದರು. ವಾರ ಕಳೆದ ಮೇಲೆ ಈ ನಾಲ್ಕು ತಾಲೂಕುಗಳ ಪೈಕಿ ಒಂದರ ಬಸ್‌ಸ್ಟ್ಯಾಂಡಿನಿಂದ ತುಸು ದೂರದ ಅಂಗಡಿಯಲ್ಲಿ ಒಂದು ಬಾಟಲಿ ಕೇಳಿದರು. ಮಧ್ಯಾಹ್ನದ ಬಿಸಿಲಿಗೆ ಪೆಟ್ಟಿಗೆಗಳು ಹೊರಗೇ ಬಿದ್ದಿದ್ದವು. ಬಾಟಲಿ ತಿರುಗಿಸಿ ತಾರೀಖು ಹುಡುಕಿದರು. ಅಂಗಡಿಯವ ನಕ್ಕ. "ಕುಡಿಯೋರು ಯಾರರೆ ತಾರೀಖು ನೋಡತಾರೇನ್ರಿ ಸಾವ್ಕಾರ?"

ತಂಪು ಮಾಡಿದ್ದಕ್ಕೆ ಮುದ್ರಿತ ಬೆಲೆಯ ಮೇಲೆ ಇನ್ನಷ್ಟು ಕೇಳಿದ. ಬಿಲ್ಲು ಕೇಳಿದ್ದಕ್ಕೆ ಹಿಂದಿನವರೇ ಗದರಿದರು. "ದಾರಿ ಬಿಡ್ರಿ, ಬಸ್ ಹೋಗತೈತಿ!"

ಮನೆಗೆ ಬಂದು ಬಾಟಲಿ ತೆರೆದರೆ ಹಳೆಯ ರಟ್ಟಿನ ವಾಸನೆ. ಅವರಿಗೆ ಮೊದಲ ಸಲ ಅದು ಗೊತ್ತಾಯಿತು. ಇಷ್ಟು ವರ್ಷ ಬೀರಿನ ವಾಸನೆಯೇ ಹಾಗೆಂದು ತಿಳಿದಿದ್ದರಂತೆ! ಬೀರು ಹಾಲಿನಂತೆಯೇ ಹಾಳಾಗುವ ಸರಕು. ಶಾಖಕ್ಕೆ ಮುಗ್ಗುತ್ತದೆ. ಬಿಸಿಲಿನ ಬೆಳಕು ಬಿದ್ದರೆ ಹಾಪ್ಸಿನ ಅಂಶ ಕೆಟ್ಟು ದುರ್ವಾಸನೆ ಬರುತ್ತದೆ, ಅದಕ್ಕೇ ಬಾಟಲಿ ಕಂದುಬಣ್ಣದ್ದು. ವಿಜಯಪುರ ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಅಂಥ ಬಿಸಿಲಲ್ಲಿ ದಿನಗಟ್ಟಲೆ ಬೆಂದ ಬಾಟಲಿಯನ್ನು ಒಂದು ತಾಸು ಫ್ರಿಜ್ಜಿನಲ್ಲಿಟ್ಟರೆ ತಣ್ಣಗಾದೀತು, ತಾಜಾ ಆಗುವುದಿಲ್ಲ.

ಗಿರಾಕಿ ಇದನ್ನೇಕೆ ಕೇಳುವುದಿಲ್ಲ? ಉತ್ತರ ಸರಳ. ಅವನು ರುಚಿಗೆ ದುಡ್ಡು ಕೊಡುತ್ತಿಲ್ಲ, ಅಮಲಿಗೆ ಕೊಡುತ್ತಿದ್ದಾನೆ. ರೂಪಾಯಿಗೆ ಎಷ್ಟು ಕಿಕ್ ಎಂಬುದೊಂದೇ ಲೆಕ್ಕ. ಕೊನೆಯ ಬಸ್ಸಿಗೆ ಹತ್ತು ನಿಮಿಷ ಇರುವಾಗ ಗೋಡೆಯ ಮರೆಯಲ್ಲಿ ನಿಂತು ಒಂದು ಸ್ಟ್ರಾಂಗ್ ಬಾಟಲಿ ಗಟಗಟ ಇಳಿಸುವವನಿಗೆ ವಾಸನೆ ತಗೊಳ್ಳಲು ಪುರಸೊತ್ತೆಲ್ಲಿ? ಆಮೇಲೆ ಆ ಬಸ್ಸಿನಲ್ಲಿ ಏನಾಗುತ್ತದೆಂದು ದಿನಾ ಓಡಾಡುವವರಿಗೆ ಗೊತ್ತು. ಕಂಡಕ್ಟರನ ಜೊತೆ ಜಗಳ, ಕಿಟಕಿಯ ಹೊರಗೆ ವಾಂತಿ, ಹೆಣ್ಣುಮಕ್ಕಳು ಸೀಟು ಬಿಟ್ಟು ಎದ್ದು ನಿಲ್ಲುವುದು. ಅಳಿಯ ಒಂದು ಗ್ಲಾಸನ್ನು ಮುಕ್ಕಾಲು ತಾಸು ಕುಡಿದು, ಮಾತಾಡಿ, ನೆಟ್ಟಗೆ ನಡೆದು ಮನೆಗೆ ಹೋದ. ಇಲ್ಲಿಯವನು ಹತ್ತು ನಿಮಿಷದಲ್ಲಿ ಕುಡಿದು ಹತ್ತು ಜನರ ಪ್ರಯಾಣ ಕೆಡಿಸಿದ.

ಕಿರಾಣಿ ಅಂಗಡಿಯ ಮರೆ

"ಇದೆಲ್ಲ ಶ್ರೀಮಂತರ ಚೋಜಿಗೆ. ಕುಡಿತವೇ ಕೆಟ್ಟದ್ದು, ಅದರಲ್ಲಿ ರುಚಿಯೇನು, ತಾರೀಖೇನು" ಎಂದು ಕೆಲವರು ಅನ್ನಬಹುದು. ಕುಡಿಯದೆ ಇರುವುದೇ ಲೇಸು, ಇದರಲ್ಲಿ ಎರಡು ಮಾತಿಲ್ಲ. ಬಸವಣ್ಣನವರ ನೆಲದಲ್ಲಿ ಇದನ್ನು ಯಾರೂ ಯಾರಿಗೂ ಕಲಿಸಬೇಕಿಲ್ಲ. ಆದರೆ 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಕುಡಿತ ನಿಂತಿತೇ? ಸಾರಾಯಿ ಪಾಕೀಟಿನ ಜಾಗಕ್ಕೆ ಅಗ್ಗದ ವಿಸ್ಕಿಯ ಪಾಕೀಟು ಬಂತು, ಅಷ್ಟೆ. ಲೈಸೆನ್ಸ್ ಇಲ್ಲದ ಹಳ್ಳಿಗಳಲ್ಲಿ ಅದು ಚಹಾದ ಅಂಗಡಿಗೆ, ಪಾನ್ ಡಬ್ಬಿಗೆ, ಕಿರಾಣಿ ಅಂಗಡಿಯ ಸಕ್ಕರೆ ಚೀಲದ ಮರೆಗೆ ಬಂದು ಕೂತಿತು. ಮಕ್ಕಳು ಪೆಪ್ಪರಮೆಂಟು ಕೊಳ್ಳುವ ಅಂಗಡಿಯಲ್ಲೇ ಅಪ್ಪನಿಗೆ ಪಾಕೀಟು ಸಿಗುತ್ತದೆ. ತಾಯಂದಿರು ಊರೂರಲ್ಲಿ ಬೀದಿಗಿಳಿದು ಬಾಯಿ ಬಡಿದುಕೊಳ್ಳುತ್ತಿರುವುದು ಇದಕ್ಕೇ.

ಹೀಗೆ ಮರೆಯಲ್ಲಿ ಮಾರುವ ಮಾಲಿಗೆ ತಾರೀಖಿಲ್ಲ, ಬಿಲ್ಲಿಲ್ಲ, ಬೆಲೆಗೆ ಲಂಗುಲಗಾಮಿಲ್ಲ, ಕೆಟ್ಟರೆ ಕೇಳುವವರಿಲ್ಲ. ಕೊಳ್ಳುವವನಿಗೆ ನಾಚಿಕೆ, ಮಾರುವವನಿಗೆ ಆ ನಾಚಿಕೆಯೇ ಬಂಡವಾಳ. ತಲೆ ತಗ್ಗಿಸಿ ಕೊಳ್ಳುವ ಗಿರಾಕಿಗೆ ಯಾವ ಮಾಲನ್ನಾದರೂ ದಾಟಿಸಬಹುದು ಎಂಬುದು ಪೇಟೆಯ ಹಳೆಯ ಲೆಕ್ಕ. ಬಿಲ್ಲು ಕೇಳುವ ಗಿರಾಕಿ ಇದ್ದಲ್ಲಿ ಮರೆಯ ಮಾರಾಟ ನಡೆಯುವುದೇ ಇಲ್ಲ.

ಇಂಥ ಲೇಖನಗಳ ಕೊನೆಗೆ "ಸಂಬಂಧಪಟ್ಟ ಅಧಿಕಾರಿಗಳು ಇತ್ತ ಗಮನ ಹರಿಸುವರೇ?" ಎಂದು ಬರೆಯುವುದು ವಾಡಿಕೆ. ಹರಿಸಲೇಬೇಕು. ಅಬಕಾರಿ ಇಲಾಖೆಯವರು ಬಿಸಿಲಲ್ಲಿ ಬಿದ್ದ ಪೆಟ್ಟಿಗೆಗಳನ್ನೂ, ಕಿರಾಣಿ ಅಂಗಡಿಗೆ ಮಾಲು ತಂದುಹಾಕುವ ಮೋಟಾರ್ ಸೈಕಲ್ಲುಗಳನ್ನೂ ನೋಡಲಿ. ಕಟ್ಟಿಕೊಂಡು ಹೋಗುವ ಅಂಗಡಿಯಲ್ಲಿ ಮುದ್ರಿತ ಬೆಲೆಗಿಂತ ಹೆಚ್ಚು ವಸೂಲಿ ಮಾಡುವುದು ಅಪರಾಧ. ದೂರು ಕೊಡಲು ವಿಜಯಪುರದಲ್ಲಿ ಗ್ರಾಹಕರ ಆಯೋಗವೇ ಇದೆ. ವ್ಯಾಪಾರಸ್ಥರ ಸಂಘಗಳೂ ಮರೆಯಲ್ಲಿ ಮಾರುವ ತಮ್ಮವರ ಕಿವಿ ಹಿಂಡಲಿ.

ಆದರೆ ಈ ಸಲ ಮೊದಲು ಸಂಬಂಧಪಟ್ಟವನು ಗಿರಾಕಿಯೇ. ಕುಡಿಯದವನು ಕುಡಿಯದೆ ಇರಲಿ, ಅವನಿಗೆ ಶರಣು. ಕುಡಿದೇ ತೀರುತ್ತೇನೆ ಎನ್ನುವವನು ಜೋಳದ ಚೀಲದ ಮುಂದೆ ನಿಲ್ಲುವಂತೆ ತಲೆಯೆತ್ತಿ ನಿಲ್ಲಲಿ. ತಾರೀಖು ನೋಡಲಿ, ಬಿಲ್ಲು ಕೇಳಲಿ, ಕೆಟ್ಟದ್ದನ್ನು ವಾಪಸು ಕೊಡಲಿ. ಪಿಲ್ಸೆನ್ನಿನ ಜನ ಕೆಟ್ಟ ಮಾಲನ್ನು ಬೀದಿಗೆ ಸುರಿದರು. ಇಲ್ಲಿ ಅದೇ ಮಾಲನ್ನು ರೊಕ್ಕ ಕೊಟ್ಟು ಹೊಟ್ಟೆಗೆ ಸುರಿದುಕೊಳ್ಳಲಾಗುತ್ತಿದೆ.

ಸಿಂದಗಿಯ ಆ ಮಾವ ಬಾಟಲಿ ವಾಪಸು ಒಯ್ದರು. ಅಂಗಡಿಯವ ತಗೊಳ್ಳಲಿಲ್ಲ. ಅವರು ಅದನ್ನು ಅಂಗಡಿಯ ಮುಂದಿನ ಚರಂಡಿಗೆ ಸುರಿದು, ಖಾಲಿ ಬಾಟಲಿ ಕಟ್ಟೆಯ ಮೇಲಿಟ್ಟು ಬಂದರು. ಸಾಲಿನಲ್ಲಿ ನಿಂತಿದ್ದ ನಾಲ್ಕೈದು ಜನ ತಮ್ಮ ಕೈಯಲ್ಲಿದ್ದ ಬಾಟಲಿ ತಿರುಗಿಸಿ ತಾರೀಖು ಹುಡುಕಿದರಂತೆ.