ಆಂಪ್ಲಿಫೈಯರ್ ಹಿಂದಿನ ಸಾಕೆಟ್‌ಗಳೆಲ್ಲ ಒಂದೇನಾ? ಗಿಟಾರ್ ರೆಕಾರ್ಡ್ ಮಾಡುವ ಮುನ್ನ ಓದಿ

ಗಿಟಾರ್ ರೆಕಾರ್ಡಿಂಗ್‌ಗೆ ಮೈಕ್ ಬೇಕಿಲ್ಲ, ಆಂಪ್ಲಿಫೈಯರ್ ಹಿಂದಿನ ಸಾಕೆಟ್‌ನಿಂದ ಲ್ಯಾಪ್‌ಟಾಪ್‌ಗೆ ಒಂದು ವೈರ್ ಎಳೆದರೆ ಸಾಕು ಎಂಬ ಸಲಹೆಯನ್ನು ನೀವೂ ಕೇಳಿರಬಹುದು. ಮಾತು ಪೂರ್ತಿ ಸುಳ್ಳಲ್ಲ. ಆದರೆ ಯಾವ ಸಾಕೆಟ್ ಎಂದು ಹೇಳದೆ ಇದನ್ನು ಫಾರ್ವರ್ಡ್ ಮಾಡಿದರೆ ಯಾರದ್ದೋ ಉಪಕರಣ ಸುಟ್ಟುಹೋಗಬಹುದು.

ಲೈನ್ ಔಟ್, ಎಫೆಕ್ಟ್ಸ್ ಸೆಂಡ್, ಸ್ಪೀಕರ್ ಔಟ್ ಮೂರಕ್ಕೂ ಸಾಮಾನ್ಯವಾಗಿ 6.35 ಮಿ.ಮೀ. ಜ್ಯಾಕ್ ಇರುತ್ತದೆ. ಒಂದೇ ಪಿನ್ ಮೂರರಲ್ಲೂ ಸಲೀಸಾಗಿ ಕೂರುತ್ತದೆ. ಗೊಂದಲ ಶುರುವಾಗುವುದೇ ಇಲ್ಲಿ. ಲೈನ್ ಔಟ್‌ನಲ್ಲಿ ಸುಮಾರು ಒಂದು ವೋಲ್ಟ್‌ನ ಆಸುಪಾಸಿನ ಸಿಗ್ನಲ್ ಇರುತ್ತದೆ. 50 ವ್ಯಾಟ್‌ನ ಆಂಪ್ಲಿಫೈಯರ್ 8 ಓಮ್ ಸ್ಪೀಕರನ್ನು ಪೂರ್ಣ ಶಕ್ತಿಯಲ್ಲಿ ನುಡಿಸುವಾಗ ಸ್ಪೀಕರ್ ಔಟ್‌ನಲ್ಲಿ 20 ವೋಲ್ಟ್! ಲ್ಯಾಪ್‌ಟಾಪ್‌ನ ಮೈಕ್ ಸಾಕೆಟ್ ಮಿಲಿವೋಲ್ಟ್ ಲೆಕ್ಕದ ಸಿಗ್ನಲ್‌ಗಾಗಿ ಮಾಡಿದ್ದು. ಹಾಗಾಗಿ ಸ್ಪೀಕರ್ ಔಟ್‌ನಿಂದ ನೇರವಾಗಿ ರೆಕಾರ್ಡ್ ಮಾಡಲೇಬೇಡಿ. ಲೈನ್ ಔಟ್ ಅಥವಾ ಸೆಂಡ್ ಅನ್ನು ಆಡಿಯೋ ಇಂಟರ್‌ಫೇಸ್‌ನ 'ಲೈನ್' ಇನ್‌ಪುಟ್‌ಗೆ ಕೊಡಿ.

ಹಾಗಾದರೆ ಸೆಂಡ್ ಎಂದರೇನು? ಗಿಟಾರಿನ ಸಣ್ಣ ಸಿಗ್ನಲ್‌ಗೆ ರೂಪ ಕೊಡುವುದು ಪ್ರಿಆಂಪ್, ಸ್ಪೀಕರ್ ಅಲುಗಾಡಿಸುವಷ್ಟು ಬಲ ಕೊಡುವುದು ಪವರ್ ಆಂಪ್. ಇವೆರಡರ ನಡುವಿನ ಬಾಗಿಲೇ ಎಫೆಕ್ಟ್ಸ್ ಸೆಂಡ್. ಡಿಲೇ, ರಿವರ್ಬ್ ಪೆಡಲ್ ಜೋಡಿಸಲೆಂದು ಇಟ್ಟದ್ದು. ಡಿಸ್ಟಾರ್ಷನ್, ಬೇಸ್, ಟ್ರೆಬಲ್ ಎಲ್ಲವೂ ಅಲ್ಲಿಂದ ಸಿಗುತ್ತವೆ, ಪವರ್ ಆಂಪ್‌ನ ಗುಣ ಮಾತ್ರ ಸಿಗುವುದಿಲ್ಲ. ಲೈನ್ ಔಟ್ ಎಲ್ಲಿಂದ ಬರುತ್ತದೆ ಎಂಬುದು ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತದೆ. ಮಾಸ್ಟರ್ ವಾಲ್ಯೂಮ್ ತಿರುಗಿಸಿ ನೋಡಿ: ರೆಕಾರ್ಡಿಂಗ್ ಮಟ್ಟವೂ ಬದಲಾದರೆ ಅದು ಮಾಸ್ಟರ್ ನಂತರದ ಸಿಗ್ನಲ್.

ಇಷ್ಟೆಲ್ಲ ಮಾಡಿ ಕೇಳಿದರೆ ಡಿಸ್ಟಾರ್ಷನ್ ಹಾಕಿದ ಗಿಟಾರ್ ಜೇನುಗೂಡಿಗೆ ಕಲ್ಲು ಹೊಡೆದಂತೆ ಕೇಳಿಸುತ್ತದೆ. ಸಾಕೆಟ್ ಕೆಟ್ಟಿದೆ ಅಂದುಕೊಳ್ಳಬೇಡಿ. ಗಿಟಾರ್ ಸ್ಪೀಕರ್ ಸುಮಾರು 5,000 ಹರ್ಟ್ಸ್ ದಾಟಿದ ಸದ್ದನ್ನು ತಾನೇ ಕಡಿಮೆ ಮಾಡುತ್ತದೆ. ನಾವು 'ಗಿಟಾರ್ ಟೋನ್' ಎನ್ನುವುದರಲ್ಲಿ ಈ ಸೋಸುವಿಕೆಯ ಪಾಲು ದೊಡ್ಡದು. ಕಂಪ್ಯೂಟರ್‌ನಲ್ಲಿ ಸ್ಪೀಕರ್ ಪೆಟ್ಟಿಗೆಯನ್ನು ಅನುಕರಿಸುವ 'ಕ್ಯಾಬ್ ಸಿಮ್' ಹಾಕಿದರೆ ಅದು ಮರಳಿ ಬರುತ್ತದೆ. ಕೆಲವು ಲೈನ್ ಔಟ್‌ಗಳಲ್ಲಿ ಇದು ಮೊದಲೇ ಇರುತ್ತದೆ. ಅಲ್ಲಿ ಮತ್ತೊಮ್ಮೆ ಹಾಕಿದರೆ ಕಂಬಳಿ ಹೊದಿಸಿದ ಸದ್ದು.

ಈಗ ಅತಿ ದುಬಾರಿ ತಪ್ಪಿಗೆ ಬರೋಣ. ರಾತ್ರಿ ಹೊತ್ತು ಅಕ್ಕಪಕ್ಕದವರಿಗೆ ತೊಂದರೆಯಾಗದಿರಲಿ ಎಂದು ಸ್ಪೀಕರ್ ವೈರ್ ಕಿತ್ತು ಸೆಂಡ್‌ನಿಂದ ರೆಕಾರ್ಡ್ ಮಾಡುವವರಿದ್ದಾರೆ. ವಾಲ್ವ್ ಆಂಪ್ಲಿಫೈಯರ್ ಆಗಿದ್ದರೆ ಇದು ಅಪಾಯ. ನೀವು ಸಿಗ್ನಲ್ ತೆಗೆದುಕೊಂಡರೂ ಪವರ್ ಆಂಪ್ ಕೆಲಸ ಮಾಡುತ್ತಲೇ ಇರಬಹುದು. ಸ್ಪೀಕರ್ ಇಲ್ಲದಾಗ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ಜಿಗಿದು ಅದು ಸುಡಬಹುದು. ಸ್ಪೀಕರ್ ಅಥವಾ ಸರಿಯಾದ ಲೋಡ್ ಬಾಕ್ಸ್ ಜೋಡಿಸಿಯೇ ಇರಲಿ, ಮಾಸ್ಟರ್ ತಗ್ಗಿಸಿ. ಬಹುತೇಕ ಟ್ರಾನ್ಸಿಸ್ಟರ್ ಆಂಪ್‌ಗಳಿಗೆ ಈ ಭಯವಿಲ್ಲ.

ಎರಡು ಉಪಕರಣ ಸೇರಿಸಿದಾಗ ಗುಂಯ್ ಎಂಬ ಸದ್ದು ಬರುವುದುಂಟು. ಆಗ "ಪ್ಲಗ್‌ನ ದಪ್ಪ ಪಿನ್ ತೆಗೆದುಬಿಡಿ" ಎನ್ನುವವರು ಸಿಗುತ್ತಾರೆ. ಆ ಪಿನ್ ಅರ್ಥಿಂಗ್. ಅದಿಲ್ಲದೆ ಆಂಪ್ಲಿಫೈಯರ್‌ನೊಳಗೆ ದೋಷವಾದರೆ ಕರೆಂಟ್ ಗಿಟಾರ್ ತಂತಿಯ ತನಕ ಬಂದು ನಿಮ್ಮ ಬೆರಳಿಗೆ ಹೊಡೆಯಬಹುದು. ಸದ್ದು ಹೋಗಲು ಆಡಿಯೋ ವೈರಿನ ನಡುವೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ. ದಪ್ಪ ಪಿನ್ ಇದ್ದಲ್ಲೇ ಇರಲಿ.